ಟಾರ್ಚಿನ ಚಲುವಯ್ಯ ಅಟ್ಟ ಹತ್ತಿದ್ದು

ನಮ್ಮಪ್ಪ ಚಲುವಯ್ಯ ಹಾಸನದ ಒಂದು ಟಾಕೀಸಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುತ್ತಿದ್ದವನು. ಜನರನ್ನು ಕೂರಿಸುತ್ತಾ ಸಿನಿಮಾದ ಆರಂಭ ನೋಡುತ್ತಿದ್ದ, ಬಾಗಿಲು ತೆಗೆಯಲು ಬಂದು ಕೊನೆ ನೋಡುತ್ತಿದ್ದ. ನಡುವೆ ಸೈಕಲ್ ಸ್ಟ್ಯಾಂಡ್ ಕಾಯುವ ಕೆಲಸ. ಹಾಗಾಗಿ ಕೊಲೆ, ಪತ್ತೇದಾರಿ ಸಿನಿಮಾಗಳೆಲ್ಲ ಅವನಿಗೆ ಒಂದೇ ಕಥೆ. ಮೊದಲು ನಯವಾಗಿ ನಕ್ಕವನ ಕೈಗೆ ಕೊನೆಗೆ ಕೋಳ. ಮೊದಲು ರೇಗಾಡಿದವನು ನಿರಪರಾಧಿ.

ಟಾಕೀಸು ಮುಚ್ಚಿತು. ಟಾರ್ಚು ಅವನಲ್ಲೇ ಉಳಿಯಿತು, ಈ ತಲೆಕೆಟ್ಟ ಲೆಕ್ಕಾಚಾರವೂ ಉಳಿಯಿತು. ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ನಗುನಗುತ್ತಲೇ ಬಂದರು. ಹೆಣ್ಣು ನೋಡಲು ಯಾರಾದರೂ ಮುಖ ಗಂಟಿಕ್ಕಿಕೊಂಡು ಬರುತ್ತಾರೆಯೇ? ಅಪ್ಪ ಒಬ್ಬೊಬ್ಬರನ್ನೇ ಸಾಗಹಾಕಿದ.

ಬಾಗೂರಿನ ಪೃಥ್ವಿರಾಜ ನನಗೆ ನಿಜಕ್ಕೂ ಹಿಡಿಸಿದ್ದ. ಅವರ ಮನೆ ನೋಡಲು ಹೋದಾಗ ಅವನು ನಗುತ್ತಾ ಅಪ್ಪನ ಚಪ್ಪಲಿಯನ್ನು ನೆರಳಿಗೆ ಎತ್ತಿಟ್ಟ. ಅಪ್ಪ ನನ್ನ ಕಿವಿಯಲ್ಲಿ, "ಕೊನೇಗೆ ಕೋಳ ಬೀಳಾದು ಇವ್ನಿಗೇ ಕಣವ್ವಾ," ಎಂದ. ನನಗೆ ಅಳು ಬಂತು.

ಅಷ್ಟರಲ್ಲಿ ಅಟ್ಟದ ಮೇಲೆ ಗುಡುಗುಡು ಸದ್ದು.

"ಮ್ಯಾಲೆ ಯಾರವ್ರೆ?"

"ಕೊಬ್ರಿಗೆ ಆಕಿರೋ ಕಾಯಿ ಕಣಣ್ಣಾ. ಇಲಿ ಉಳ್ಳಿಸ್ತವೆ," ಎಂದರು ಪೃಥ್ವಿರಾಜನ ತಾಯಿ ಹೊನ್ನಕ್ಕ.

"ಎಲ್ಲಾ ಪಿಚ್ಚರ್‌ನಾಗೂ ಇಂಗೇ ಯೋಳಾದು," ಎಂದು ಅಪ್ಪ ಟಾರ್ಚು ಹಾಕಿಕೊಂಡು ಏಣಿ ಹತ್ತೇಬಿಟ್ಟ. ಮೇಲೆ ಕಾಯಿಯ ರಾಶಿಗೆ ಕಾಲಿಟ್ಟು ಜಾರಿದ. ಅವನು ಒದ್ದ ಏಣಿ ಕೆಳಗೆ ಬಿದ್ದು ಮುರಿಯಿತು. ಹೊನ್ನಕ್ಕ ಪಕ್ಕದ ತೋಟದಿಂದ ಬೇರೆ ಏಣಿ ತರಿಸಲು ಓಡಿದರು.

ಪೃಥ್ವಿರಾಜನ ನಗು ಆಗ ಮಾಯವಾಯಿತು.

"ನಿಮ್ಮಪ್ಪಂಗೆ ನೆಲದ್ ಮ್ಯಾಲೆ ಸುಮ್ಕೆ ಕೂರಕಾಗಲ್ವಾ? ವರ್ಸದಿಂದ ಒಣಗಾಕಿರೋ ಕಾಯಿ ಕಣ್ರೀ ಅವು."

ನನಗೂ ರೇಗಿತು. "ನಿಮ್ಮೇಣಿ ಗಟ್ಟಿಯಾಗಿದ್ದಿದ್ರೆ ಇಷ್ಟೊತ್ಗೆ ನಮ್ಮಪ್ಪ ಇಳುದ್ ಬತ್ತಿದ್ದ."

ಅವನು ಮುಖ ಸಿಂಡರಿಸಿಕೊಂಡು ಕೂತ. ಈ ಸಂಬಂಧವೂ ಮುಗಿಯಿತು ಎಂದುಕೊಂಡು ನಾನು ಬಾಗಿಲ ಬಳಿ ಹೋಗಿ ನಿಂತೆ.

ಅಟ್ಟದ ಬಿದಿರಿನ ಸಂದಿಯಿಂದ ಟಾರ್ಚಿನ ಬೆಳಕು ಇಳಿಯಿತು. ಮೊದಲು ಪೃಥ್ವಿರಾಜನ ಸಿಡುಕು ಮುಖದ ಮೇಲೆ ಬಿದ್ದು, ಬಹಳ ಹೊತ್ತು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಸರಿದು ಅವನ ಪಕ್ಕದ ಖಾಲಿ ಕುರ್ಚಿಗೆ ಬಂತು. ತಡವಾಗಿ ಬಂದವರಿಗೆ ಟಾಕೀಸಿನಲ್ಲಿ ತೋರಿಸುತ್ತಿದ್ದಂತೆಯೇ ಅಲ್ಲಿ ಅತ್ತಿತ್ತ ಆಡಿತು.

ನಾನು ಹೋಗಿ ಕೂತೆ.