ಅತ್ತೆಯ ಗೋಡೆಯ ಎಣ್ಣೆಕಲೆ

"ಆ ಖೋಲಿ ಬದಲಾಗಲ್ಲ, ಬರದಿಟ್ಕೋ" ಎಂದವರು ಶರಣಪ್ಪ ಮಾವ, ನಮ್ಮ ಅತ್ತೆಯ ತಮ್ಮ. ಅಷ್ಟಕ್ಕೇ ಬಿಡಲಿಲ್ಲ. "ಬಣ್ಣ ಹಚ್ಚೋದು ಕಲೀಲಾಕ ಸಾಲಿಗಿ ಹೋಗೋರನ್ನ ಇದೇ ಮೊದಲು ನೋಡ್ಲಕತ್ತೀನಿ. ಕಮಲಾಪುರದಾಗ ಸುಣ್ಣ ಸಿಗಲಿಲ್ಲೇನವ್ವ ಜಗದೇವಿ ನಿನಗ?" ಎಂದು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತ ನಕ್ಕರು.

ಇಂಥ ಮಾತು ನನಗೆ ಹೊಸದಲ್ಲ. ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಕಲಬುರಗಿಗೆ ಬಂದು ಬಿ.ಎ. ಮುಗಿಸಿದವಳು ನಾನು. ತವರಿನಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಆಗಲೂ ಆಗಲ್ಲ ಎಂದವರಿದ್ದರು. ಈಗ ಕಲಬುರಗಿಯಲ್ಲೇ ಜೇವರ್ಗಿ ಕಾಲೋನಿಯ ಒಂದು ಶಾಲೆಯಲ್ಲಿ ಟೀಚರ್. ಸಂಜೆ ಇಂಟೀರಿಯರ್ ಡೆಕೊರೇಷನ್ ಡಿಪ್ಲೊಮಾ. ಅದರ ಕೊನೆಯ ಪರೀಕ್ಷೆಗೆ ನಮ್ಮದೇ ಮನೆಯ ಒಂದು ಕೋಣೆಯನ್ನು ಪೂರ್ತಿ ಬದಲಿಸಿ ತೋರಿಸಬೇಕಿತ್ತು. ಅದೇ ಊರಿನ ಕೋಟನೂರಿನಲ್ಲಿರುವ ಗಂಡನ ಮನೆಯಲ್ಲಿ ನಾನು ಆರಿಸಿದ್ದು ಅತ್ತೆಯ ಮಲಗುವ ಕೋಣೆ.

ಲಕ್ವ ಹೊಡೆದ ಮೇಲೆ ಅತ್ತೆ ಐದು ವರ್ಷ ಆ ಕೋಣೆಯಲ್ಲೇ ಇದ್ದರು. ಮಂಚದ ಮೇಲೆ ಗೋಡೆಗೊರಗಿ ಕೂರುತ್ತಿದ್ದರು. ತಲೆ ತಾಗುವ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಎಣ್ಣೆಕಲೆ ಬಿದ್ದಿತ್ತು. ಅವರು ಹೋಗಿ ವರ್ಷವಾಗಿತ್ತು. ಕಲೆ ಹೋಗಿರಲಿಲ್ಲ. ಆ ತಲೆಗೆ ದಿನಾ ಎಣ್ಣೆ ಹಚ್ಚಿದವಳು ನಾನೇ.

ಮೊಬೈಲಿನಲ್ಲಿ ಸಿಕ್ಕ ಒಂದು ಚಿತ್ರವನ್ನೇ ನಕಲು ಮಾಡಲು ಹೊರಟಿದ್ದೆ. ಬೂದು ಗೋಡೆ, ಬಿಳಿ ಪರದೆ. ನನ್ನ ಸ್ವಂತ ಯೋಚನೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಚಿತ್ರ ಮಾಡಿದವರು ತಿಳಿದವರು, ನಾನು ಕಲಿಯುತ್ತಿರುವವಳು. ಗೋಡೆ ಕೆರೆದೆ, ಪ್ರೈಮರ್ ಹಚ್ಚಿದೆ, ಬೂದು ಬಣ್ಣ ಬಳಿದೆ. ಕಲೆ ಮುಚ್ಚಿತು.

ಆ ವಾರವೇ ಎಡಗಣ್ಣು ನೋಯತೊಡಗಿತು. ಅತ್ತಿತ್ತ ತಿರುಗಿಸಿದರೆ ಗುಡ್ಡೆಯ ಹಿಂದೆ ಯಾರೋ ದಾರ ಕಟ್ಟಿ ಎಳೆದಂತೆ. ಬಣ್ಣದ ವಾಸನೆಗೆ ಇರಬೇಕೆಂದುಕೊಂಡೆ.

ಗೋಡೆ ಸಮನಾಗಿದೆಯೇ ಎಂದು ನೋಡುವಾಗ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಗುರಿಯಿಟ್ಟು ನೋಡುವುದು ನನ್ನ ರೂಢಿ. ಭಾನುವಾರ ಮಧ್ಯಾಹ್ನ ಹಾಗೆ ನೋಡಿದೆ.

ಕಲೆ ಬಂದಿತ್ತು.

ಅದೇ ಎತ್ತರ. ಅದೇ ಅಗಲ. ಮತ್ತೊಂದು ಕೋಟ್ ಹಚ್ಚಿದೆ. ಮರುದಿನ ಶಾಲೆಯಿಂದ ಬಂದು ನೋಡಿದರೆ ಇನ್ನೂ ಕಪ್ಪಾಗಿತ್ತು. ನಮ್ಮ ಮನೆಯವರನ್ನು ಕರೆದೆ. ಅವರು ಬಾಗಿಲಲ್ಲೇ ನಿಂತು, "ಏನೂ ಇಲ್ಲಲ್ಲ ಅಲ್ಲಿ" ಎಂದರು. ಮೂರನೆಯ ಕೋಟ್ ಹಚ್ಚಿದೆ. ಕಿಟಕಿಯಿಂದ ಬಿಸಿಲು ಬಿದ್ದಿತ್ತು, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ, ಎಲ್ಲವೂ ಎಂದಿನಂತೆಯೇ ಇತ್ತು. ಆದರೂ ಆ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಲ್ಲಲು ನನಗೆ ಆಗುತ್ತಿರಲಿಲ್ಲ. "ಅತ್ತಿ, ಏನ್ ಬೇಕ್ರಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಐದು ವರ್ಷ ದಿನಾ ಕೇಳಿದ ಮಾತು, ತಾನಾಗಿ ಬಂತು.

ಎರಡು ದಿನ ರಜೆ ಹಾಕಿ ಕಮಲಾಪುರಕ್ಕೆ ಹೋದೆ. ಅವ್ವ ಅಂಗಳದ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದಳು. "ನೆಟ್ಟಗ ಅದ ಏನು ನೋಡು ಮಗಳಾ" ಎಂದಳು. ರೂಢಿಯಂತೆ ಬಲಗಣ್ಣು ಮುಚ್ಚಿದೆ. ಕೆಂಪು ಪಟ್ಟಿ ಬೂದಿಯ ಬಣ್ಣಕ್ಕೆ ತಿರುಗಿತು. ಅವ್ವ ನನ್ನ ಕಡೆ ತಿರುಗಿದಳು.

ಕಲೆ ಅವ್ವನ ಮುಖದ ಮೇಲಿತ್ತು.

ಕಣ್ಣು, ಮೂಗು, ಬಾಯಿ ಇರಲಿಲ್ಲ. ಸೆರಗು ಮತ್ತು ಕಿವಿ ಮಾತ್ರ ಇದ್ದವು. ಮುಖವಿಲ್ಲದ ಅವ್ವ, "ಯಾಕ, ಹಂಗ್ಯಾಕ ನೋಡ್ತಿ?" ಎಂದಳು. ಬಲಗಣ್ಣು ತೆರೆದೆ. ಮುಖ ಬಂತು. ಜಗಲಿಯ ಮೇಲೆ ಕೆಂಪು ಬಾಳೆಯ ಗೊನೆಯಿತ್ತು. ಅದನ್ನೂ ಒಂದೊಂದೇ ಕಣ್ಣಿನಿಂದ ನೋಡಿದೆ. ಒಂದು ಕಣ್ಣಿಗೆ ಹಣ್ಣು, ಇನ್ನೊಂದಕ್ಕೆ ಕೊಳೆತದ್ದು.

ಆಗ ತಿಳಿಯಿತು. ನಾನು ಗೋಡೆಗೆ ಬಣ್ಣ ಹಚ್ಚುತ್ತಿದ್ದೆ. ಕಲೆ ನನ್ನ ಕಣ್ಣಿನಲ್ಲಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕೆಂಪು ಮುಚ್ಚಳ ಹಿಡಿದು ಒಂದೊಂದೇ ಕಣ್ಣಿಗೆ ತೋರಿಸಿದರು. "ಎಡಗಣ್ಣಿಗಿ ಹೆಂಗ್ ಕಾಣ್ತದ?" ಒಣಗಿದ ಬದನೆಕಾಯಿ ಹಾಗೆ ಎಂದೆ. ಅವರು ನಗಲಿಲ್ಲ, ಬರೆದುಕೊಂಡರು. ಆಪ್ಟಿಕ್ ನ್ಯೂರೈಟಿಸ್. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಊತ. ಎಂಆರ್‌ಐ ಯಂತ್ರದೊಳಗೆ ಮಲಗಿದಾಗ ಅದರ ಬಡಿತ ಅತ್ತೆ ಬಲಗೈಯಿಂದ ಮಂಚ ತಟ್ಟಿ ನನ್ನನ್ನು ಕರೆಯುತ್ತಿದ್ದ ಸದ್ದಿನಂತೆ ಕೇಳಿಸಿತು. ಎದ್ದು ಹೋಗಬೇಕೆನಿಸಿತು. ಅಲ್ಲಾಡಬಾರದು ಎಂದಿದ್ದರು.

ಮೂರು ದಿನ ಸ್ಟಿರಾಯ್ಡ್ ಡ್ರಿಪ್, ಆಮೇಲೆ ಮಾತ್ರೆ. ನಿದ್ದೆ ಬರದಾಯಿತು, ಮುಖ ಊದಿತು, ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ. "ಸ್ಕ್ಯಾನ್‌ದಾಗ ಬ್ಯಾರೆ ಏನೂ ಇಲ್ರಿ. ಆದ್ರ ಮತ್ತ ಬರಲ್ಲ ಅಂತ ನಾ ಹೇಳಲ್ಲ" ಎಂದರು ಡಾಕ್ಟರು. ಆ ನೇರ ಮಾತು ನನಗೆ ಹಿಡಿಸಿತು. ತಿಂಗಳೊಪ್ಪತ್ತಿನಲ್ಲಿ ಕಲೆ ತೆಳುವಾಗುತ್ತ ಹೋಯಿತು. ಕೆಂಪು ಮಾತ್ರ ಪೂರ್ತಿ ವಾಪಸಾಗಲಿಲ್ಲ.

ಪರೀಕ್ಷೆಯವರು ನನಗೆ ಆರು ವಾರ ಹೆಚ್ಚಿಗೆ ಕೊಟ್ಟಿದ್ದರು. ಕೋಣೆಗೆ ಹೋಗಿ ನಿಂತೆ. ಬೂದು ಗೋಡೆ ಬೇಡವೆನಿಸಿತು. ಅಷ್ಟು ಬೂದುಬಣ್ಣವನ್ನು ನನ್ನ ಕಣ್ಣೇ ಪುಕ್ಕಟೆ ಕೊಡುತ್ತಿತ್ತು. ಆದರೆ ಬೇರೆ ಬಣ್ಣವನ್ನು ಹೇಗೆ ಆರಿಸಲಿ, ಯಾವ ಕಣ್ಣನ್ನು ನಂಬಲಿ? "ಇದು ಕೆಂಪು ಏನ್ರಿ?" ಎಂದು ಮನೆಯವರನ್ನು ಕೇಳಿದರೆ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು.

ಅವ್ವ ಕಮಲಾಪುರದಿಂದ ಸುಣ್ಣ, ಕೆಮ್ಮಣ್ಣು, ಗೋಂದು ತಂದಳು. "ಕಣ್ಣಿನ ಮಾತು ಬಿಡು, ಕೈಲೆ ನೋಡು" ಎಂದಳು. ಗೋಂದು ಹಾಕಿ ಕಲಸಿದ ಕೆಮ್ಮಣ್ಣಿನಿಂದ ಮುಂಗೈ ಮೇಲೆ ಒಂದು ಗೆರೆ ಎಳೆದು, ಒಣಗಿಸಿ, ಹೆಬ್ಬೆರಳಿನಿಂದ ತಿಕ್ಕಬೇಕು. ಬೆರಳಿಗೆ ಹತ್ತಿದರೆ ಗೋಂದು ಸಾಲದು. ಬಿರಿದರೆ ಹೆಚ್ಚಾಯಿತು. ಚಿಕ್ಕವಳಿದ್ದಾಗ ಎಷ್ಟೋ ಸಲ ಮಾಡಿದ ಕೆಲಸ, ಓದಿದವಳೆಂದು ಬಿಟ್ಟುಬಿಟ್ಟಿದ್ದೆ. ಮೊಬೈಲಿನ ಚಿತ್ರ ಅಳಿಸಿದೆ. ಬೂದು ಬಣ್ಣವನ್ನೆಲ್ಲ ಗಾರೆಯವರೆಗೆ ಕೆರೆದು ಸುಣ್ಣ ಬಳಿದೆ. ನನ್ನ ಮುಂಗೈ ವಾರವಿಡೀ ಕೆಂಪು ಗೆರೆಗಳಿಂದ ತುಂಬಿತ್ತು. ಮುಂದೇನೆಂದು ಗೊತ್ತಿಲ್ಲದೆ ಕೆಲಸ ಮಾಡುವುದು ಮೊದಲ ಸಲ ಹೆದರಿಕೆ ಎನಿಸಲಿಲ್ಲ.

ಸುಣ್ಣ ಒಣಗಿದ ಮೇಲೆ ಬಲಗಣ್ಣಿನಿಂದ, ಒಳ್ಳೆಯ ಕಣ್ಣಿನಿಂದ, ಗೋಡೆ ನೋಡಿದೆ.

ಕಲೆ ಅಲ್ಲಿತ್ತು.

ತಿಳಿಹಳದಿ, ತಟ್ಟೆಯಗಲ. ಎಣ್ಣೆ ಸುಣ್ಣವನ್ನು ದಾಟಿ ಬಂದಿತ್ತು. ಮನೆಯವರನ್ನು ಕರೆದೆ. ಈ ಸಲ ಒಳಗೆ ಬಂದರು. "ಹೌದು, ಅದ" ಎಂದರು.

"ಅವತ್ತೂ ಇತ್ತೇನ್ರಿ?"

"ಗೊತ್ತಿಲ್ಲ. ನಾ ನೋಡೇ ಇರಲಿಲ್ಲ. ಅವ್ವ ಕೂಡೋ ಗ್ವಾಡಿ ಕಡಿ ಕಣ್ಣೆತ್ತಲಾಕ ನನಗ ಆಗ್ತಿರಲಿಲ್ಲ."

ಹಾಗಾದರೆ ಅಂದು ನಾನು ಕಂಡದ್ದು ಗೋಡೆಯ ಕಲೆಯೋ ಕಣ್ಣಿನದೋ, ಇವತ್ತಿಗೂ ತಿಳಿಯದು. ಆದರೆ ಮುಂದೇನು ಮಾಡಬೇಕೆಂದು ಕೈಗೆ ತಿಳಿದಿತ್ತು. ಮುಚ್ಚಲಿಲ್ಲ. ಬುಡದ ಕೆಂಪು ಪಟ್ಟಿಯನ್ನು ಮಂಚದ ಹತ್ತಿರ ಮೇಲಕ್ಕೆತ್ತಿ, ಕಲೆಯ ಸುತ್ತ ದೀಪದ ಗೂಡಿನ ಆಕಾರದಲ್ಲಿ ತಂದು, ಮತ್ತೆ ಕೆಳಗಿಳಿಸಿದೆ. ನಡುವೆ ಏನೂ ಬರೆಯಲಿಲ್ಲ.

ಪರೀಕ್ಷೆಗೆ ಬಂದ ಮೇಡಂ ಅದನ್ನು ಮುಟ್ಟಿ ನೋಡಿ, "ಇದು ಎಲ್ಲಿಂದ ತಗೊಂಡ ಡಿಸೈನ್?" ಎಂದು ಕೇಳಿದರು. "ನಂದೇ ರೀ" ಎಂದೆ. ಹಾಗೆ ಹೇಳಿದ್ದು ಅದೇ ಮೊದಲು.

ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಇದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದೊಂದೇ ಕಣ್ಣು ಮುಚ್ಚಿ ಆ ಕೆಂಪು ಪಟ್ಟಿ ನೋಡುತ್ತೇನೆ. ಎಡಗಣ್ಣಿಗೆ ಅದು ಇನ್ನೂ ಸ್ವಲ್ಪ ಮಬ್ಬು. ಇದ್ದಷ್ಟು ಕೆಂಪು ಸಾಕು ಎನಿಸುತ್ತದೆ.

ಹೋದ ವಾರ ಡಿಪ್ಲೊಮಾ ಸರ್ಟಿಫಿಕೇಟ್ ಬಂತು. ಶರಣಪ್ಪ ಮಾವ ಮನೆಯಲ್ಲೇ ಇದ್ದರು. ಅವರ ಕೈಗೇ ಕೊಟ್ಟೆ. ಚಾಳೀಸು ಹಾಕಿಕೊಂಡು ನನ್ನ ಹೆಸರನ್ನು ಬೆರಳಿಟ್ಟು ಓದಿದರು. ಮಡಚಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಅತ್ತೆಯ ಕೋಣೆಗೆ ಹೋದರು. ಗೋಡೆಯನ್ನು ಬಹಳ ಹೊತ್ತು ನೋಡಿ, ಮಂಚದ ಒಂದು ತುದಿಯಲ್ಲಿ ಕೂತರು. ನಾನು ನಡುವೆ, ಕೆಂಪು ಗೂಡಿನ ಕೆಳಗೆ ಕೂರಹೋದೆ.

"ಜರಾ ಸರದು ಕೂಡವ್ವ" ಎಂದರು ಮಾವ. "ಅಕ್ಕಗ ಜಾಗಾ ಬೇಕಲ್ಲ."