ಆರು ಕಿಲೋಮೀಟರ್ ಉಳಿಸಿದ ದಾರಿ

ಕಳೆದ ವಾರ ಕೊಟ್ಟೂರಿಗೆ ಹೊರಟಿದ್ದ ಬಸ್ಸು ರಸ್ತೆಯಲ್ಲಿ ಹಾಸಿದ್ದ ಹುರುಳಿಯ ಮೇಲೆ ಹಾಯಿತು. ಚಕ್ರಕ್ಕೆ ನುರಿದ ಒಣಬಳ್ಳಿಯ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನಾನು ಕಿಟಕಿ ಎಳೆದು ಮುಚ್ಚಿದೆ. ಹೋಗುತ್ತಿದ್ದುದು ನಮ್ಮ ಗಣಿತದ ಮೇಷ್ಟ್ರ ವರ್ಷದ ಪುಣ್ಯತಿಥಿಗೆ. ಆ ವಾಸನೆಗೂ ಅವರಿಗೂ ನಂಟಿದೆ...

ಆಗ ನಾನು ಕೂಡ್ಲಿಗಿಯ ಕಾಲೇಜೊಂದಕ್ಕೆ ಕಂಪ್ಯೂಟರ್ ಉಪನ್ಯಾಸಕಿಯಾಗಿ ಸೇರಿದ ಹೊಸತು. ಅಲ್ಲೇ ಗಣಿತ ಕಲಿಸುತ್ತಿದ್ದ ಅವರ ನಿವೃತ್ತಿಗೆ ಮೂರೇ ತಿಂಗಳಿತ್ತು. ಪ್ರಶ್ನೆಪತ್ರಿಕೆಗಳನ್ನು ಖಜಾನೆಯಿಂದ ಪರೀಕ್ಷಾ ಕೇಂದ್ರಗಳಿಗೆ ಮುಟ್ಟಿಸುವ ಮಾರ್ಗಾಧಿಕಾರಿ ಅವರು, ಸಹಾಯಕಿ ನಾನು. ಪ್ರತಿ ವರ್ಷ ಅವರು ಹಿಂದಿನ ದಿನವೇ ಮೊಪೆಡ್ ಏರಿ ದಾರಿಯನ್ನೆಲ್ಲ ಸುತ್ತಿ ಬರುತ್ತಿದ್ದರಂತೆ. ನನಗೆ ನಗು. ಓದಿ ಬಂದ ಗ್ರಾಫ್ ಪಾಠ ತಲೆಯಲ್ಲಿ ಇನ್ನೂ ಬಿಸಿಯಾಗಿತ್ತು: ಊರೆಂದರೆ ಚುಕ್ಕಿ, ರಸ್ತೆಯೆಂದರೆ ಗೆರೆ. ಗೆರೆಯ ಮೇಲೆ ಕಿಲೋಮೀಟರ್ ಬರೆದುಕೊಟ್ಟರೆ ಅತಿ ಹತ್ತಿರದ ದಾರಿಯನ್ನು ಕಂಪ್ಯೂಟರೇ ಹುಡುಕಿಕೊಡುತ್ತದೆ. ಕೊನೆಯ ಕೇಂದ್ರಕ್ಕೆ ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಆರು ಕಿಲೋಮೀಟರ್ ಉಳಿಯುತ್ತದೆ ಎಂದು ತೋರಿಸಿತು.

“ಒಮ್ಮಿ ನೋಡ್ಕೊಂಡು ಬರ್ತೀನವಾ, ದಾರಿ ಹೆಂಗೈತೋ ಏನೋ,” ಎಂದರು ಮೇಷ್ಟ್ರು.

“ಬ್ಯಾಡ್ರಿ ಸರ್, ಲೆಕ್ಕ ಪಕ್ಕಾ ಐತ್ರಿ. ಬಿಸಿಲಾಗ ಯಾಕ ಅಡ್ಡಾಡ್ತೀರಿ?” ಎಂದೆ.

ಲೆಕ್ಕದ ಮಾತು ಬಂದರೆ ಅವರು ತಲೆದೂಗುವವರೇ. ಒಪ್ಪಿಬಿಟ್ಟರು.

ಆ ವರ್ಷ ಮಳೆ ತಡವಾಗಿ, ಹುರುಳಿ ಒಕ್ಕಣೆ ಪರೀಕ್ಷೆಯ ಹೊತ್ತಿಗೇ ಬಂದಿತ್ತು. ನಮ್ಮಲ್ಲಿ ಈಗ ಕಣ ಮಾಡುವವರು ಯಾರು? ಡಾಂಬರು ರಸ್ತೆಗೆ ಬೆಳೆ ಹಾಸಿದರೆ ಓಡಾಡುವ ಗಾಡಿಗಳೇ ತುಳಿದುಕೊಡುತ್ತವೆ. ಇದೇ ಸೀಮೆಯಲ್ಲಿ ಹುಟ್ಟಿದ ನನಗೆ ಅದು ಹೊಳೆಯದೇ ಹೋಯಿತಲ್ಲ! ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಒಳದಾರಿಯುದ್ದಕ್ಕೂ ಮೊಣಕಾಲೆತ್ತರದ ಬಳ್ಳಿ. ಜೀಪು ತೆವಳಿತು, ಆಕ್ಸೆಲ್‌ಗೆ ಬಳ್ಳಿ ಸುತ್ತಿ ಅಡಿಯಿಂದ ಹೊಗೆ ಎದ್ದಿತು. ಮೇಷ್ಟ್ರು ಪ್ರಶ್ನೆಪತ್ರಿಕೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೆಳಗೆ ಹಾರಿದರು. ಹೊಲದವರು ಕೊಡದಿಂದ ನೀರು ಸುರಿದರು, ಚಾಲಕ ಕುಡುಗೋಲಿನಿಂದ ಬಳ್ಳಿ ಕೊಯ್ದ, ನಾನು ಗಡಿಯಾರ ನೋಡುತ್ತ ನಿಂತೆ. ಒಂಬತ್ತೂವರೆ... ಒಂಬತ್ತು ನಲವತ್ತು... ಪರೀಕ್ಷೆ ಹತ್ತಕ್ಕೆ. ಅತ್ತ ಮಕ್ಕಳು ಕಾಯುತ್ತಿದ್ದರು, ಇತ್ತ ಮೇಷ್ಟ್ರ ಇಡೀ ನೌಕರಿಯ ಮಾನ ನನ್ನ ಒಂದು ಗೆರೆಯ ಮೇಲೆ ನಿಂತಿತ್ತು.

“ಹೆದರಬ್ಯಾಡ, ಮುಟ್ತೀವಿ,” ಎಂದರು. ಎದೆಗವಚಿದ ಪೆಟ್ಟಿಗೆಯನ್ನು ಮಾತ್ರ ಕೆಳಗಿಡಲಿಲ್ಲ.

ಮುಟ್ಟಿದೆವು, ಗಂಟೆ ಹೊಡೆದ ಹತ್ತು ನಿಮಿಷದ ಮೇಲೆ. ಮಕ್ಕಳಿಗೆ ಹತ್ತು ನಿಮಿಷ ಹೆಚ್ಚಿಗೆ ಕೊಟ್ಟರು, ಮೇಷ್ಟ್ರಿಗೆ ನೋಟಿಸ್ ಕೊಟ್ಟರು. ‘ದಾರಿ ಆರಿಸಿದವನು ನಾನೇ’ ಎಂದು ಅವರು ಉತ್ತರ ಬರೆಯುವಾಗ ನಾನು ಎದುರಿಗೇ ಕೂತಿದ್ದೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ... ಬಾಯಿ ಬಿಡಲಿಲ್ಲ. ಅವರ ಬೀಳ್ಕೊಡುಗೆಯ ದಿನವೂ ವಿಚಾರಣೆ ಮುಗಿದಿರಲಿಲ್ಲ. ಗ್ರಾಫ್ ಪಾಠ ಮಾಡುವಾಗ ಈಗಲೂ ಗೆರೆಯ ಮೇಲೆ ಅಂಕಿ ಬರೆಯಲು ಕೈ ಹಿಂಜರಿಯುತ್ತದೆ. ದೂರ ಎಷ್ಟು ಎಂಬುದಲ್ಲ, ಆವತ್ತು ಆ ದಾರಿ ಸಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಬರೆಯಬೇಕಿತ್ತು.

ಕಳೆದ ವಾರ ಎಲ್ಲವನ್ನೂ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋಗಿದ್ದೆ. ಊಟದ ಎಲೆ ಹಾಕಿ ಅವರ ಹೆಂಡತಿ ಪಕ್ಕದಲ್ಲೇ ಕೂತರು.

“ನಿನ್ನ ಸುದ್ದಿ ಭಾಳ ತೆಗೀತಿದ್ರವಾ. ಲೆಕ್ಕದಾಗ ಭಾಳ ಶಾಣ್ಯಾಕಿ ಅಂತಿದ್ರು. ಆವತ್ತು ಆ ದಾರಿ ಹಿಡದಿದ್ದು ತಮ್ಮದಾ ತಪ್ಪು ಅಂತ ಕೊನೀ ತನಕ ಕೊರಗಿದ್ರು. ನೀನೂ ಜೀಪಿನಾಗ ಇದ್ದೆಲ್ಲ... ಅವರದಾ ತಪ್ಪೇನವಾ?”

ಎತ್ತಿದ ತುತ್ತನ್ನು ಮತ್ತೆ ಎಲೆಗೇ ಇಟ್ಟೆ.

“ಹೌದ್ರಿ ಅಮ್ಮ,” ಎಂದುಬಿಟ್ಟೆ.