ಮೆಳೆಯೊಳಗೆ ಮೂರೇ ಹೆಜ್ಜೆ

ಬೆಳಗಿನ ಐದು ಗಂಟೆ. ಕ್ಯೋತೋ ನಗರದ ಪಡುವಣ ಅಂಚಿನ ಓಹರಾನೊ ಗುಡ್ಡಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಬಿದಿರ ಮೆಳೆಯ ನಡುವೆ ಎಪ್ಪತ್ತೊಂದು ವರ್ಷದ ಸುಗಿತಾನಿ ಕಿನುಯೆ ಒಂದು ಕಾಲನ್ನು ಮುಂದಿಟ್ಟು, ಮೈಭಾರ ಹಾಕದೆ, ಹೆಬ್ಬೆರಳಿನಿಂದ ನೆಲವನ್ನು ವಿಚಾರಿಸುತ್ತಿದ್ದಾರೆ. ತೆಳು ತಳದ ಬಟ್ಟೆಯ ಪಾದರಕ್ಷೆಯೊಳಗಿನ ಆ ಬೆರಳಿಗೆ ಕೂದಲೆಳೆಯಂಥ ಬಿರುಕೂ ತಿಳಿಯುತ್ತದೆ. ತಿಳಿದೊಡನೆ ಸೊಂಟದಿಂದ ಒಂದು ಕಡ್ಡಿ ತೆಗೆದು ಅಲ್ಲಿ ಚುಚ್ಚುತ್ತಾರೆ. ಕಡ್ಡಿಯ ಕೆಳಗೆ, ಗೇಣುದ್ದ ಆಳದಲ್ಲಿ, ಇನ್ನೂ ಬೆಳಕು ಕಾಣದ ಬಿದಿರ ಮೊಳಕೆ, ಬಿಳಿ ಕಳಲೆಯಿದೆ.

ಬೇಲಿಯ ಆಚೆ ಚಹಾದ ಫ್ಲಾಸ್ಕ್ ಹಿಡಿದು ಪತಿ ಜೂಕಿಚಿ ನಿಂತಿದ್ದಾರೆ. ಮೆಳೆ ಅವರ ಮುತ್ತಜ್ಜನ ಕಾಲದಿಂದಲೂ ಅವರ ಮನೆತನದ್ದೇ. ಆದರೆ ಕಳಲೆಯ ಕಾಲದಲ್ಲಿ ಮಾಲೀಕರಿಗೆ ಒಳಗೆ ಪ್ರವೇಶವಿಲ್ಲ.

"ಏನೇ, ಚಹಾ ಆರಿಹೋಗ್ತಿದೆ."

"ಆರಲಿ. ನೀವು ಅಲ್ಲೇ ಇರಿ."

"ಇಲ್ಲೇ ಇದ್ದೀನಲ್ಲೇ, ಮೂವತ್ತನಾಲ್ಕು ವರ್ಷದಿಂದ."

ಮೂವತ್ತನಾಲ್ಕು ವರ್ಷದ ಹಿಂದೆ, ಹೆಂಡತಿ ಜ್ವರದಿಂದ ಮಲಗಿದ್ದಾಗ, ಸಹಾಯ ಮಾಡೋಣವೆಂದು ಅವರು ರಬ್ಬರ್ ಬೂಟು ಹಾಕಿಕೊಂಡು ಮೆಳೆಗೆ ಇಳಿದಿದ್ದರು. "ಇಪ್ಪತ್ತು ಹೆಜ್ಜೆ ಇಟ್ಟಿದ್ರು. ಹತ್ತೊಂಬತ್ತು ಕಳಲೆ ಜಜ್ಜಿಹೋಗಿತ್ತು. ಒಂದು ಹೆಜ್ಜೆ ಹೇಗೆ ತಪ್ಪಿತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ," ಎನ್ನುತ್ತಾರೆ ಕಿನುಯೆ. "ಕಾಡುಹಂದಿ ಬಂದಿದ್ರೆ ತಿಂದಾದ್ರೂ ಹೋಗ್ತಿತ್ತು."

ಅವರು ಈ ಮನೆಗೆ ಸೊಸೆಯಾಗಿ ಬಂದು ನಲವತ್ತೊಂಬತ್ತು ವರ್ಷವಾಯಿತು. ಕಾಲಿನಿಂದ ನೆಲವನ್ನು ಓದುವುದನ್ನು ಕಲಿಸಿದವರು ಅತ್ತೆ. ಶರತ್ಕಾಲದಲ್ಲಿ ಮೆಳೆಯ ತುಂಬ ಹುಲ್ಲು ಹಾಸಬೇಕು. ಚಳಿಗಾಲದಲ್ಲಿ ಅದರ ಮೇಲೆ ಕೆಮ್ಮಣ್ಣು ಹೊತ್ತು ಹರಡಬೇಕು. ಮಾರ್ಚ್ ನಡುವಿನಿಂದ ಮೇ ತಿಂಗಳವರೆಗೆ ಪ್ರತಿದಿನ ಅಗೆಯಬೇಕು. ದಿನಕ್ಕೆ ಅರುವತ್ತು, ಹದವಾಗಿ ಮಳೆ ಬಿದ್ದ ಮರುದಿನ ತೊಂಬತ್ತು. ಎಲ್ಲವೂ ಬಿಸಿಲೇರುವ ಮೊದಲು ಬುಟ್ಟಿ ಸೇರಬೇಕು, ಏಕೆಂದರೆ ಬೆಳಕು ಕಂಡ ಕಳಲೆ ಕಹಿಯಾಗುತ್ತದೆ. ಮಣ್ಣು ಬಿಡಿಸಿದಾಗ ಕಳಲೆಯ ತುದಿ ಯಾವ ಕಡೆಗೆ ಬಾಗಿದೆ ಎಂದು ನೋಡಿ, ಅದು ಬೇರಿಗೆ ಅಂಟಿರುವ ಜಾಗವನ್ನು ಊಹಿಸಿ, ಉದ್ದನೆಯ ಕಬ್ಬಿಣದ ಹಾರೆಯನ್ನು ಒಂದೇ ಸಲ ಒತ್ತಬೇಕು. ಊಹೆ ತಪ್ಪಿದರೆ ಅರ್ಧ ಕಳಲೆ ಮಾತ್ರ ಕೈಗೆ ಬರುತ್ತದೆ.

ನಗರದ ಹೋಟೆಲುಗಳಲ್ಲಿ ಕಳಲೆಯ ಅನ್ನ ಬಡಿಸುವಾಗ ಅಡುಗೆ ಮಾಡಿದವರ ಹೆಸರನ್ನು ಹೇಳುತ್ತಾರೆ. ಬಟ್ಟಲು ಮಾಡಿದ ಕುಂಬಾರರ ಹೆಸರನ್ನೂ ಹೇಳುತ್ತಾರೆ. ನೆಲದೊಳಗೆ ಅಡಗಿದ್ದುದನ್ನು ಕಾಲ್ಬೆರಳಿನಿಂದ ಕಂಡುಹಿಡಿದವರ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಇದು ಮರೆವಲ್ಲ, ಅನ್ಯಾಯ. ಅನ್ಯಾಯಕ್ಕೆ ಮೃದುವಾದ ಹೆಸರಿಡುವುದು ಎರಡನೆಯ ಅನ್ಯಾಯ.

ಮೂರನೆಯದನ್ನು ಈ ವಸಂತದಲ್ಲಿ ಬೆಳೆದವರ ಸರಕನ್ನೆಲ್ಲ ಒಟ್ಟಿಗೆ ಮಾರುವ ಊರಿನ ಕಟ್ಟೆಯವರು ಮಾಡಿದರು. ಕಳಲೆ ಅಗೆಯುವವರ ಫೋಟೊ ಮತ್ತು ಹೆಸರನ್ನು ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಬೇಕೆಂದು ತೀರ್ಮಾನಿಸಿ, ಹೆಸರುಗಳನ್ನು ಜಮೀನಿನ ದಾಖಲೆಯಿಂದ ಎತ್ತಿಕೊಂಡರು. ಹಲಗೆಯ ಮೇಲೆ ಮೂಡಿದ್ದು: 'ಅಗೆಯುವವರು: ಸುಗಿತಾನಿ ಜೂಕಿಚಿ.'

ಕಿನುಯೆ ಮೂರು ದಿನ ಮನೆಯಲ್ಲಿ ಕಳಲೆ ಬೇಯಿಸಲಿಲ್ಲ, ಅಷ್ಟೆ. ಏಪ್ರಿಲ್ ತಿಂಗಳಿನಲ್ಲಿ ಆ ಊರಿನ ಗಂಡಸಿಗೆ ಅದಕ್ಕಿಂತ ಸ್ಪಷ್ಟವಾದ ಮಾತು ಬೇಕಾಗುವುದಿಲ್ಲ. ಪೊಟ್ಟಣದ ನೂಡಲ್ಸ್ ತಿಂದು ಸೊರಗಿದ ಜೂಕಿಚಿ, ಕಟ್ಟೆಯ ಉಸ್ತುವಾರಿ ಹಮಾಗುಚಿಯ ಬಳಿಗೆ ಎರಡು ಸಲ ಹೋಗಿ ಹೇಳಿದರು: "ಅಗೆಯೋಳು ಅವಳು ಕಣಯ್ಯಾ. ನಾನು ಬರೀ ಚಹಾ."

"ದಾಖಲೆಯಲ್ಲಿ ಚಹಾ ಅಂತಿಲ್ವಲ್ಲ ಅಜ್ಜಾ," ಎಂದ ಹಮಾಗುಚಿ, ಮರುದಿನ ಬೆಳಗ್ಗೆ ಕ್ಯಾಮೆರಾದೊಡನೆ ಬೇಲಿಯ ಹತ್ತಿರ ಹಾಜರಾಗುತ್ತಾನೆ. ಮಾಲೀಕರು ಹಾರೆ ಹಿಡಿದು ಮೆಳೆಯೊಳಗೇ ನಿಲ್ಲಬೇಕಂತೆ.

ಕಿನುಯೆ ಕ್ಯಾಮೆರಾವನ್ನೂ ಗಂಡನ ಬೂಟನ್ನೂ ನೋಡುತ್ತಾರೆ. "ಬೂಟು ಬಿಚ್ಚಿ. ಮೂರೇ ಹೆಜ್ಜೆ. ನಾನು ಇಟ್ಟಲ್ಲೇ ಇಡಿ."

ಜೂಕಿಚಿ ಕಾಲುಚೀಲದಲ್ಲಿ ಒಂದು ಹೆಜ್ಜೆ ಇಡುತ್ತಾರೆ, ಎರಡು ಇಡುತ್ತಾರೆ. ಮೂರನೆಯದು ಒಂದು ಗೇಣು ಎಡಕ್ಕೆ ಜಾರುತ್ತದೆ. ಅವರು ಅಲ್ಲಾಡದೆ ನಿಲ್ಲುತ್ತಾರೆ.

"ಏನೇ, ಇಲ್ಲಿ ನೆಲ ಉಬ್ಬಿದೆ."

"ಭಾರ ಹಾಕಿದ್ರಾ?"

"ಇಲ್ಲ. ಹೆದರಿಕೆಗೆ ಭಾರವೇ ಬರಲಿಲ್ಲ."

"ಹಾಗೇ ಮೆಲ್ಲಗೆ ಎತ್ತಿ. ಎತ್ತಿದ್ದನ್ನ ಎಲ್ಲೂ ಇಳಿಸಬೇಡಿ."

ಇಳಿಸಲು ಜಾಗವೂ ಇಲ್ಲ, ಸುತ್ತಲೂ ಕಡ್ಡಿಗಳು. ಜೂಕಿಚಿ ಪಕ್ಕದ ತಾಯಿಬಿದಿರನ್ನು ತಬ್ಬಿಕೊಂಡು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಲ್ಲುತ್ತಾರೆ. ಕಳಲೆಯ ಕಾಲ ಮುಗಿದ ಮೇಲೆ ಪ್ರತಿ ವರ್ಷ ಅಗೆಯದೆ ಬೆಳೆಯಲು ಬಿಟ್ಟ ಹೊಸ ತಾಯಿಬಿದಿರಿನ ಮೇಲೆ ಕುಂಚದಿಂದ ಇಸವಿ ಬರೆಯುವುದೊಂದೇ ಈ ಮೆಳೆಯಲ್ಲಿ ಅವರಿಗೆ ಒಪ್ಪಿಸಿರುವ ಕೆಲಸ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಅವರ ಅಕ್ಷರ ಮುದ್ದಾದದ್ದು. ಈಗ ತಾವೇ ಬರೆದ ಇಸವಿಗೆ ಕೆನ್ನೆ ಒತ್ತಿಕೊಂಡಿದ್ದಾರೆ.

ಕಿನುಯೆ ಮಂಡಿಯೂರಿ ಬಿರುಕಿನ ಮೇಲೆ ಬೆರಳಾಡಿಸುತ್ತಾರೆ. ಕೈಯಿಂದ ಮಣ್ಣು ಸರಿಸುತ್ತಾರೆ.

"ಅಜ್ಜಾ, ಹಾರೆ ಹಿಡ್ಕೊಂಡು ಈ ಕಡೆ ನೋಡಿ," ಎನ್ನುತ್ತಾನೆ ಹಮಾಗುಚಿ.

"ಹಾರೆ ಅವಳ ಕೈಲಿದೆ. ನಾನು ಬಿದಿರು ಹಿಡ್ಕೊಂಡಿದ್ದೀನಿ. ಬಿಟ್ರೆ ನಾಳೆಯಿಂದ ನಿಮ್ಮನೇಲೇ ಊಟ."

"ಮಾತಾಡಬೇಡಿ," ಎನ್ನುತ್ತಾರೆ ಕಿನುಯೆ. "ಅಲ್ಲಾಡ್ತೀರಿ."

ಎಂಟು ನಿಮಿಷ. ಒಂದೇ ಒತ್ತು. ನೆಲದೊಳಗೆ ಮೆತ್ತಗೆ ಟಕ್ಕೆಂಬ ಸದ್ದು. ಎದ್ದು ಬಂದದ್ದು ಎರಡು ಕಿಲೋ ತೂಗುವ, ಎಳೆಗರುವಿನ ಮೂತಿಯಷ್ಟು ನುಣುಪಾದ, ಒಂದು ಗೀರೂ ಇಲ್ಲದ ಬಿಳಿ ಕಳಲೆ. ಈ ವರ್ಷ ಈ ಮೆಳೆಯಲ್ಲಿ ಸಿಕ್ಕಿದವುಗಳಲ್ಲೆಲ್ಲ ದೊಡ್ಡದು. ಕಿನುಯೆ ಅದನ್ನೊಮ್ಮೆ, ಗಂಡನ ಕಾಲನ್ನೊಮ್ಮೆ ನೋಡುತ್ತಾರೆ. ಅದನ್ನು ಮಾರಾಟದ ಬುಟ್ಟಿಗೆ ಹಾಕದೆ ಪಕ್ಕಕ್ಕಿಡುತ್ತಾರೆ. ಆ ರಾತ್ರಿ ಮನೆಯಲ್ಲಿ ಕಳಲೆಯ ಅನ್ನ.

ಹಮಾಗುಚಿಗೆ ದಕ್ಕಿದ್ದು ಒಂದೇ ಫೋಟೊ. ಅದರಲ್ಲಿ ಒಂಟಿಕಾಲಿನ ಮುದುಕರೊಬ್ಬರಿದ್ದಾರೆ. ಅವರ ಮುಂದೆ ಹಾರೆಯೊತ್ತುವ ಹೆಂಗಸಿನ ಬೆನ್ನಿದೆ. ಮುಖ ಕಾಣುವುದಿಲ್ಲ. ಕಟ್ಟೆಗೆ ಬರುವ ಹೆಂಗಸರೆಲ್ಲರೂ ಬೆನ್ನನ್ನೇ ನೋಡಿ ಗುರುತು ಹಿಡಿದರು. ಫೋಟೊದ ಕೆಳಗಿನ ಹಲಗೆಯನ್ನು ಜೂಕಿಚಿ ಮನೆಗೆ ತಂದು, ಹಳೆಯದನ್ನು ಉಜ್ಜಿ ಅಳಿಸಿ, ಇಸವಿ ಬರೆಯುವ ಅದೇ ಕುಂಚದಿಂದ ಹೊಸದಾಗಿ ಬರೆದಿದ್ದಾರೆ:

'ಅಗೆಯುವವರು: ಸುಗಿತಾನಿ ಕಿನುಯೆ. ನಿಲ್ಲುವವರು: ಸುಗಿತಾನಿ ಜೂಕಿಚಿ.'

ದಾಖಲೆಯಲ್ಲಿ ನಿಲ್ಲುವವರಿಗೆ ಜಾಗವಿಲ್ಲವೆಂದು ಹಮಾಗುಚಿ ಗೊಣಗಿದನಂತೆ. ಆದರೂ ಹಲಗೆಯನ್ನು ತೂಗುಹಾಕಿದ್ದಾನೆ.

ಹಲಗೆ ನೋಡಲು ಕಿನುಯೆ ಇದುವರೆಗೆ ಒಂದೇ ಸಲ ಹೋಗಿದ್ದಾರೆ, ಬುಟ್ಟಿ ಇಳಿಸುವ ನೆಪದಲ್ಲಿ. ಹೇಗಿದೆ ಎಂದು ಕೇಳಿದರೆ ಹಾರೆಯ ಮಣ್ಣು ಒರೆಸುತ್ತಾ ಹೇಳುತ್ತಾರೆ: "ಅಕ್ಷರ ಚೆನ್ನಾಗಿದೆ. ಅವತ್ತು ನಿಂತಿದ್ದೂ ಚೆನ್ನಾಗೇ ನಿಂತಿದ್ರು." ಬೇಲಿಯಾಚೆ ಫ್ಲಾಸ್ಕ್ ಹಿಡಿದವರ ಕಡೆಗೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ. "ಮುಂದಿನ ವರ್ಷ ಐದು ಹೆಜ್ಜೆ ಒಳಗೆ ಬಿಡೋಣ ಅಂತಿದ್ದೀನಿ. ಈಗಲೇ ಹೇಳಬೇಡಿ, ಬೂಟು ಹಾಕ್ಕೊಂಡು ಬಂದುಬಿಡ್ತಾರೆ."